ರೋಲೊ ಗಿಲೆಸ್ಪಿ

ಸರ್ ರಾಬರ್ಟ್ ರೋಲೊ ಗಿಲೆಸ್ಪಿ (21 ಜನವರಿ 1766 – 31 ಅಕ್ಟೋಬರ್ 1814) ಬ್ರಿಟಿಷ್ ಸೇನೆಯ ಅಶ್ವದಳದ ಅಧಿಕಾರಿ. ಐರ್ಲೆಂಡಿನಲ್ಲಿ ಹುಟ್ಟಿದ ಈತನು ಕೆರಿಬಿಯನ್ ದ್ವೀಪಗಳು, ದಕ್ಷಿಣ ಭಾರತ, ಜಾವಾ, ಸುಮಾತ್ರಾ ಹಾಗೂ ಹಿಮಾಲಯದ ತಪ್ಪಲಿನಲ್ಲಿ ಯುದ್ಧಗಳನ್ನು ನಡೆಸಿದನು. 1806ರ ವೆಲ್ಲೂರು ಸಿಪಾಯಿ ದಂಗೆಯನ್ನು ಕೆಲವೇ ಗಂಟೆಗಳಲ್ಲಿ ಅಡಗಿಸಿದವನೆಂದು ಭಾರತದ ಇತಿಹಾಸದಲ್ಲಿ ಈತನ ಹೆಸರು ಉಳಿದಿದೆ. ಮೈಸೂರು ವಿಭಾಗದ ಸೇನೆಗೆ ಕೆಲಕಾಲ ದಂಡನಾಯಕನಾಗಿದ್ದನು. ಆಂಗ್ಲೋ-ನೇಪಾಳ ಯುದ್ಧದ ಆರಂಭದಲ್ಲೇ, ಡೆಹ್ರಾಡೂನಿನ ಬಳಿಯ ನಾಲಾಪಾನಿ ಕೋಟೆಯ ಮುಂದೆ ಗುಂಡೇಟಿಗೆ ಬಲಿಯಾದನು. ಬ್ರಿಟಿಷ್ ಲೇಖಕರು ಈತನನ್ನು ತಮ್ಮ ಸೇನೆಯ ಅತ್ಯಂತ ಧೈರ್ಯಶಾಲಿಗಳಲ್ಲಿ ಒಬ್ಬನೆಂದು ಬಣ್ಣಿಸಿದ್ದಾರೆ. ವೆಲ್ಲೂರಿನಲ್ಲಿ ವಿಚಾರಣೆಯಿಲ್ಲದೆ ನಡೆದ ಹತ್ಯೆಗಳು ಮತ್ತು ಜಾವಾದ ಯೋಗ್ಯಕರ್ತಾ ಅರಮನೆಯ ಲೂಟಿ ಇದೇ ಜೀವನದ ಮತ್ತೊಂದು ಮುಖ.

ಜನನ ಮತ್ತು ಆರಂಭಿಕ ಜೀವನ

ಗಿಲೆಸ್ಪಿಯು ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯ ಕಾಂಬರ್ ಎಂಬ ಊರಿನಲ್ಲಿ ಜನಿಸಿದನು. ಮನೆತನದ ಮೂಲ ಸ್ಕಾಟ್ಲೆಂಡ್. ತಂದೆಯ ಮೂರನೆಯ ಹೆಂಡತಿಯ ಏಕೈಕ ಪುತ್ರನಾದ್ದರಿಂದ ಮುದ್ದಿನಿಂದ ಬೆಳೆದನು. ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿಯೂ ಅನಂತರ ನ್ಯೂಮಾರ್ಕೆಟ್ ಸಮೀಪದ ಖಾಸಗಿ ಗುರುವೊಬ್ಬರ ಬಳಿಯಲ್ಲಿಯೂ ವಿದ್ಯಾಭ್ಯಾಸ ನಡೆಯಿತು. ಮನೆಯವರು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲು ಬಯಸಿದರೂ ಹುಡುಗನಿಗೆ ಓದಿಗಿಂತ ಕುದುರೆಗಳ ಮೇಲೆಯೇ ಆಸಕ್ತಿಯಿತ್ತು. ನ್ಯೂಮಾರ್ಕೆಟ್ ಕುದುರೆ ಪಂದ್ಯಗಳಿಗೆ ಪ್ರಸಿದ್ಧವಾದ ಊರು ಎಂಬುದನ್ನು ಇಲ್ಲಿ ನೆನೆಯಬಹುದು. ಕಡೆಗೆ 1783ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಕಾರಬಿನಿಯರ್ಸ್ ಎಂದು ಹೆಸರಾಗಿದ್ದ ಅಶ್ವದಳಕ್ಕೆ ಕಾರ್ನೆಟ್ ಆಗಿ ಸೇರಿದನು. ಕಾರ್ನೆಟ್ ಎಂಬುದು ಆ ಕಾಲದ ಅಶ್ವದಳದಲ್ಲಿ ಅಧಿಕಾರಿಯ ಅತ್ಯಂತ ಕೆಳಗಿನ ಹುದ್ದೆ.

ಐರ್ಲೆಂಡಿನಲ್ಲಿ ಕಳೆದ ವರ್ಷಗಳಲ್ಲೇ ಈತನ ಸ್ವಭಾವ ಹೊರಬಿದ್ದಿತು. 1786ರಲ್ಲಿ ಅನಬೆಲ್ಲಾ ಟೇಲರ್ ಎಂಬಾಕೆಯನ್ನು ಡಬ್ಲಿನ್ನಿನಲ್ಲಿ ಗುಟ್ಟಾಗಿ ಮದುವೆಯಾದನು. ಮರುವರ್ಷ ಸಹೋದ್ಯೋಗಿಯೊಬ್ಬನ ದ್ವಂದ್ವಯುದ್ಧದಲ್ಲಿ ಅವನ ಪರವಾಗಿ ಸಾಕ್ಷಿಯಾಗಿ ನಿಂತಿದ್ದಾಗ, ಎದುರಾಳಿ ವಿಲಿಯಂ ಬ್ಯಾರಿಂಗ್ಟನ್‌ಗೂ ಗಿಲೆಸ್ಪಿಗೂ ಮಾತಿಗೆ ಮಾತು ಬೆಳೆದು, ಗಿಲೆಸ್ಪಿ ಹಾರಿಸಿದ ಪಿಸ್ತೂಲಿನ ಗುಂಡಿಗೆ ಬ್ಯಾರಿಂಗ್ಟನ್ ಸತ್ತನು. ದ್ವಂದ್ವದಲ್ಲಿ ತಾನೇ ಪಕ್ಷವಲ್ಲದವನು ಗುಂಡು ಹಾರಿಸಿದ್ದು ಅಂದಿನ ಕಟ್ಟಳೆಗೂ ಹೊರತಾದ ಸಂಗತಿ. ಕೆಲವು ತಿಂಗಳು ತಲೆಮರೆಸಿಕೊಂಡಿದ್ದು, 1788ರಲ್ಲಿ ಮೇರಿಬರೋ ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆಗೆ ಹಾಜರಾದನು. ಜ್ಯೂರಿಯು ಇದನ್ನು ಸಮರ್ಥನೀಯ ನರಹತ್ಯೆಯೆಂದು ತೀರ್ಮಾನಿಸಿದ್ದರಿಂದ ಬಿಡುಗಡೆಯಾಯಿತು. ಸತ್ತವನ ಸೋದರನಾದ ವಕೀಲ ಹಾಗೂ ಲೇಖಕ ಜೋನಾ ಬ್ಯಾರಿಂಗ್ಟನ್ ಮಾತ್ರ ಈ ತೀರ್ಪನ್ನು ಎಂದೂ ಒಪ್ಪಲಿಲ್ಲ.

ಕೆರಿಬಿಯನ್ ದ್ವೀಪಗಳಲ್ಲಿ

1792ರಲ್ಲಿ ಹೊಸದಾಗಿ ಕಟ್ಟಲ್ಪಟ್ಟ 20ನೆಯ ಲೈಟ್ ಡ್ರಗೂನ್ಸ್ ದಳಕ್ಕೆ ಲೆಫ್ಟಿನೆಂಟ್ ಆಗಿ ಸೇರಿ ಜಮೈಕಾಕ್ಕೆ ಹೊರಟನು. ಲೈಟ್ ಡ್ರಗೂನರೆಂದರೆ ವೇಗಕ್ಕೆ ಹೆಸರಾದ ಹಗುರ ಕುದುರೆ ಸವಾರರು. ದಾರಿಯಲ್ಲಿ ಮದೀರಾ ದ್ವೀಪದ ಬಳಿ ಹಡಗು ಅಪಘಾತಕ್ಕೀಡಾಯಿತು. ಜಮೈಕಾ ತಲುಪಿದ ಮೇಲೆ ಹಳದಿ ಜ್ವರ ಹತ್ತಿಕೊಂಡಿತು. ಆ ದಿನಗಳಲ್ಲಿ ಕೆರಿಬಿಯನ್‌ಗೆ ಹೋದ ಯುರೋಪಿಯನ್ ಸೈನಿಕರಲ್ಲಿ ಶತ್ರುಗಳ ಕೈಯಲ್ಲಿ ಸತ್ತವರಿಗಿಂತ ಈ ಜ್ವರದಿಂದ ಸತ್ತವರೇ ಹೆಚ್ಚು. ಗಿಲೆಸ್ಪಿ ಬದುಕಿಕೊಂಡನು.

ಸಮೀಪದ ಫ್ರೆಂಚ್ ವಸಾಹತು ಸಾಂ ದೊಮಿಂಗ್‌ನಲ್ಲಿ (ಇಂದಿನ ಹೈಟಿ) ಗುಲಾಮರು ದಂಗೆಯೆದ್ದಿದ್ದರು. ಕಬ್ಬಿನ ತೋಟಗಳ ಒಡೆಯರ ಆಹ್ವಾನದ ಮೇರೆಗೆ 1793ರಲ್ಲಿ ಬ್ರಿಟನ್ ಅಲ್ಲಿಗೆ ಸೈನ್ಯ ಕಳುಹಿಸಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದೂ ಈ ಕಾರ್ಯಾಚರಣೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಗಿಲೆಸ್ಪಿ ಸ್ವಇಚ್ಛೆಯಿಂದ ಇದರಲ್ಲಿ ಸೇರಿಕೊಂಡು ಟಿಬುರಾನ್, ಪೋರ್ಟ್-ಓ-ಪ್ರಿನ್ಸ್ ಮೊದಲಾದೆಡೆಗಳಲ್ಲಿ ಹೋರಾಡಿ ಗಾಯಗೊಂಡನು. ಪೋರ್ಟ್-ಓ-ಪ್ರಿನ್ಸ್ ನಗರದ ಶರಣಾಗತಿಯನ್ನು ಕೇಳಲು ಈತನು ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು ಗುಂಡುಗಳ ನಡುವೆ ದಡಕ್ಕೆ ಈಜಿದನೆಂಬ ಕಥೆ ಈ ಕಾಲದ್ದು.

ಇದಕ್ಕಿಂತ ಹೆಚ್ಚು ಪ್ರಚಾರ ಪಡೆದದ್ದು ಇನ್ನೊಂದು ಘಟನೆ. ಒಂದು ರಾತ್ರಿ ಎಂಟು ಮಂದಿ ಆಯುಧಪಾಣಿಗಳು ಈತನ ಮನೆಗೆ ನುಗ್ಗಿದರೆಂದೂ, ಗಿಲೆಸ್ಪಿ ಒಬ್ಬನೇ ಕತ್ತಿ ಹಿಡಿದು ಆರು ಜನರನ್ನು ಕೊಂದನೆಂದೂ, ಉಳಿದಿಬ್ಬರು ಓಡಿಹೋದರೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಸುದ್ದಿ ಯುರೋಪಿಗೂ ಹಬ್ಬಿತು. ಗಿಲೆಸ್ಪಿ ಕುಳ್ಳಗಿನ, ಸಣ್ಣ ಮೈಕಟ್ಟಿನ ವ್ಯಕ್ತಿ. ಮುಂದೆ ಮೂರನೆಯ ಜಾರ್ಜ್ ದೊರೆಯ ಮುಂದೆ ಹಾಜರಾದಾಗ, ಇಷ್ಟು ಜನರನ್ನು ಕೊಂದವನು ಇವನೇ ಏನೆಂದು ದೊರೆ ಅಚ್ಚರಿಪಟ್ಟನೆಂಬ ಪ್ರತೀತಿಯಿದೆ.

ಬ್ರಿಟಿಷರು 1798ರಲ್ಲಿ ಸಾಂ ದೊಮಿಂಗ್ ತೊರೆದರು. ಗಿಲೆಸ್ಪಿ ಜಮೈಕಾದಲ್ಲಿ ದಳದ ಅಧಿಪತಿಯಾಗಿ ಮುಂದುವರಿದು 1802ರಲ್ಲಿ ಇಂಗ್ಲೆಂಡಿಗೆ ಮರಳಿದನು. ದಳದ ಹಣವನ್ನು ದುರುಪಯೋಗ ಮಾಡಿದನೆಂದು ಅಧೀನ ಅಧಿಕಾರಿಯೊಬ್ಬ ಮಾಡಿದ ಆರೋಪದ ಮೇಲೆ 1804ರಲ್ಲಿ ಕೋಲ್ಚೆಸ್ಟರ್‌ನಲ್ಲಿ ಸೈನಿಕ ನ್ಯಾಯಾಲಯದ ವಿಚಾರಣೆ ನಡೆದು, ನಿರ್ದೋಷಿಯೆಂದು ತೀರ್ಪಾಯಿತು. ಅಷ್ಟು ಹೊತ್ತಿಗೆ ಸಾಲದ ಹೊರೆಯೂ ಏರಿತ್ತು. ಭಾರತದಲ್ಲಿದ್ದ 19ನೆಯ ಲೈಟ್ ಡ್ರಗೂನ್ಸ್ ದಳಕ್ಕೆ ವರ್ಗ ಮಾಡಿಸಿಕೊಂಡನು.

ಆಗ ಭಾರತಕ್ಕೆ ಬರುವವರು ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹಡಗಿನಲ್ಲಿ ಬರುತ್ತಿದ್ದರು. ಗಿಲೆಸ್ಪಿ ಹ್ಯಾಂಬರ್ಗಿನಿಂದ ನೆಲದ ಹಾದಿ ಹಿಡಿದು ಆಸ್ಟ್ರಿಯಾ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ, ಬಾಗ್ದಾದ್‌ಗಳ ಮೂಲಕ ಸಾಗಿ ಮುಂಬಯಿ ತಲುಪಿದನು. ಅಲ್ಲಿಂದ ಮದ್ರಾಸ್ ಪ್ರಾಂತಕ್ಕೆ ಹೋಗಿ ಆರ್ಕಾಟಿನ ಸೇನಾ ಠಾಣ್ಯದ ಅಧಿಪತಿಯಾದನು. ಅಸ್ಸಾಯೆ ಯುದ್ಧದಲ್ಲಿ (1803) ಆರ್ಥರ್ ವೆಲ್ಲೆಸ್ಲಿಯ ಜೊತೆಗಿದ್ದ 19ನೆಯ ದಳ ಆಗ ಅಲ್ಲಿ ಬೀಡುಬಿಟ್ಟಿತ್ತು.

ವೆಲ್ಲೂರು ದಂಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಟಿಪ್ಪು ಸುಲ್ತಾನನ ಮಕ್ಕಳನ್ನೂ ಕುಟುಂಬವನ್ನೂ ವೆಲ್ಲೂರು ಕೋಟೆಯ ಅರಮನೆಯಲ್ಲಿ ಇರಿಸಿದ್ದರು. ಅವರನ್ನು ಹಿಂಬಾಲಿಸಿ ಮೈಸೂರು ಸೀಮೆಯಿಂದ ಬಂದ ಪರಿವಾರದವರೂ ಹಳೆಯ ಸೈನಿಕರೂ ಪೇಟೆಯಲ್ಲಿ ನೆಲೆಸಿದ್ದರು. ಕೋಟೆಯ ಕಾವಲಿಗೆ ಸುಮಾರು 1,500 ಭಾರತೀಯ ಸಿಪಾಯಿಗಳೂ ಬ್ರಿಟಿಷ್ 69ನೆಯ ಪದಾತಿದಳದ ನಾಲ್ಕು ತುಕಡಿಗಳೂ ಇದ್ದವು.

ದಂಗೆಯ ನೇರ ಕಾರಣ ಉಡುಪಿಗೆ ಸಂಬಂಧಿಸಿದ್ದು. ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ 1805ರ ನವೆಂಬರಿನಲ್ಲಿ ಹೊರಡಿಸಿದ ಆಜ್ಞೆಗಳು ಸಿಪಾಯಿಗಳು ಹಣೆಯ ಮೇಲೆ ಜಾತಿ ಚಿಹ್ನೆಗಳನ್ನು ಧರಿಸುವುದನ್ನೂ ಗಡ್ಡ ಬಿಡುವುದನ್ನೂ ನಿಷೇಧಿಸಿದವು. ಹಳೆಯ ಪೇಟದ ಬದಲು ಚರ್ಮದ ತುರಾಯಿಯುಳ್ಳ ಹೊಸ ಟೋಪಿ ಬಂದಿತು. ಹಿಂದೂಗಳಿಗೂ ಮುಸಲ್ಮಾನರಿಗೂ ಇದು ತಮ್ಮನ್ನು ಮತಾಂತರಗೊಳಿಸುವ ಮೊದಲ ಹೆಜ್ಜೆಯಂತೆ ಕಂಡಿತು. ಪ್ರತಿಭಟಿಸಿದವರಿಗೆ ಛಡಿಯೇಟಿನ ಶಿಕ್ಷೆಯಾಯಿತು.

1806ರ ಜುಲೈ 9ರಂದು ಟಿಪ್ಪುವಿನ ಮಗಳೊಬ್ಬಳ ಮದುವೆಯ ನೆಪದಲ್ಲಿ ಕೋಟೆಯಲ್ಲಿ ಜನ ಸೇರಿದ್ದರು. ಜುಲೈ 10ರ ನಸುಕಿಗೆ ಮುಂಚೆ ಸಿಪಾಯಿಗಳು ದಂಗೆಯೆದ್ದರು. ಮಲಗಿದ್ದ 69ನೆಯ ದಳದ ಸೈನಿಕರ ಮೇಲೆ ಕಿಟಕಿ ಬಾಗಿಲುಗಳಿಂದ ಗುಂಡಿನ ಮಳೆ ಸುರಿಯಿತು. ಕೋಟೆಯ ಅಧಿಪತಿ ಕರ್ನಲ್ ಫ್ಯಾನ್‌ಕೋರ್ಟ್ ಸತ್ತನು. ಬೆಳಗಾಗುವ ಹೊತ್ತಿಗೆ ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಹತರಾಗಿ, ಕೋಟೆಯ ಮೇಲೆ ಮೈಸೂರು ಸುಲ್ತಾನರ ಬಾವುಟ ಏರಿತ್ತು. ಆದರೆ ದಂಗೆಕೋರರಲ್ಲಿ ಒಬ್ಬ ನಾಯಕನಿರಲಿಲ್ಲ. ಹಲವರು ಲೂಟಿಯಲ್ಲಿ ತೊಡಗಿ, ಹೊರ ಬಾಗಿಲುಗಳನ್ನು ಭದ್ರಪಡಿಸುವುದನ್ನೇ ಮರೆತರು. 69ನೆಯ ದಳದಲ್ಲಿ ಬದುಕುಳಿದ ಸುಮಾರು 60 ಮಂದಿ ಬಾಗಿಲಿನ ಮೇಲಿನ ಕೋಟೆಗೋಡೆಗೆ ತಲುಪಿ, ಮದ್ದುಗುಂಡು ಮುಗಿದು ಬರೀ ಬಯೊನೆಟ್ ಹಿಡಿದು ಕಾಯುತ್ತಿದ್ದರು.

ಕೋಟೆಯ ಹೊರಗೆ ವಾಸವಾಗಿದ್ದ ಮೇಜರ್ ಕೋಟ್ಸ್ ಗುಂಡಿನ ಸದ್ದು ಕೇಳಿ ಆರ್ಕಾಟಿಗೆ ಸುದ್ದಿ ಮುಟ್ಟಿಸಿದನು. ಗಿಲೆಸ್ಪಿ ಆ ರಾತ್ರಿ ಫ್ಯಾನ್‌ಕೋರ್ಟನ ಅತಿಥಿಯಾಗಿ ವೆಲ್ಲೂರಿನಲ್ಲೇ ತಂಗಬೇಕಿತ್ತು. ಕಡೆಯ ಗಳಿಗೆಯಲ್ಲಿ ಹೋಗದೆ ಉಳಿದಿದ್ದನು. ಆರ್ಕಾಟಿನಿಂದ ವೆಲ್ಲೂರಿಗೆ ಸುಮಾರು 25 ಕಿಲೋಮೀಟರ್. ಇಡೀ ದಳ ಸಜ್ಜಾಗುವವರೆಗೆ ಕಾಯದೆ, 19ನೆಯ ದಳದ ಒಂದು ಸ್ಕ್ವಾಡ್ರನ್ ಹಾಗೂ ಮದ್ರಾಸ್ ದೇಶೀಯ ಅಶ್ವದಳದ ಒಂದು ತುಕಡಿಯೊಂದಿಗೆ ತಕ್ಷಣ ಹೊರಟನು. ಕುದುರೆಗಳು ಎಳೆಯುವ ಹಗುರ ತೋಪುಗಳೊಡನೆ ಉಳಿದವರು ಹಿಂದಿನಿಂದ ಬರಬೇಕೆಂದು ಆಜ್ಞೆ ಮಾಡಿದನು. ತನ್ನವರನ್ನೂ ಹಿಂದೆ ಬಿಟ್ಟು ಸುಮಾರು 20 ಸವಾರರೊಂದಿಗೆ ಕೋಟೆಯ ಮುಂದೆ ಬಂದು ನಿಂತಾಗ ಹೊರ ಬಾಗಿಲುಗಳು ತೆರೆದಿದ್ದವು, ಒಳಗಿನದು ಮುಚ್ಚಿತ್ತು.

ಗೋಡೆಯ ಮೇಲಿದ್ದ ಸಾರ್ಜೆಂಟ್ ಬ್ರಾಡಿ ಸಾಂ ದೊಮಿಂಗ್‌ನಲ್ಲಿ ಗಿಲೆಸ್ಪಿಯನ್ನು ಕಂಡಿದ್ದವನು. ಧೂಳೆಬ್ಬಿಸಿಕೊಂಡು ಎಲ್ಲರಿಗಿಂತ ಮುಂದೆ ಬರುತ್ತಿದ್ದ ಸವಾರನನ್ನು ನೋಡಿದೊಡನೆ, ಅವನು ಗಿಲೆಸ್ಪಿಯೇ ಇರಬೇಕೆಂದು ಗುರುತಿಸಿ ಜೊತೆಗಾರರಿಗೆ ಹೇಳಿದನೆಂದು ತಿಳಿದುಬರುತ್ತದೆ. ಸೈನಿಕರು ತಮ್ಮ ಸೊಂಟಪಟ್ಟಿಗಳನ್ನು ಕಟ್ಟಿ ಹಗ್ಗ ಮಾಡಿ ಇಳಿಬಿಟ್ಟರು. ಗಿಲೆಸ್ಪಿ ಅದನ್ನು ಹಿಡಿದು ಗೋಡೆ ಏರಿದನು. ಮೇಲೇರಿದ ಕೂಡಲೇ ಉಳಿದಿದ್ದ 60 ಮಂದಿಯನ್ನು ಕಟ್ಟಿಕೊಂಡು ಕೋಟೆಗೋಡೆಯುದ್ದಕ್ಕೂ ಬಯೊನೆಟ್ ದಾಳಿ ನಡೆಸಿದನು. ಅಷ್ಟರಲ್ಲಿ ತೋಪುಗಳು ಬಂದವು. ಮದ್ರಾಸ್ ಇಂಜಿನಿಯರ್ ದಳದ ಯುವ ಅಧಿಕಾರಿ ಜಾನ್ ಬ್ಲೇಕಿಸ್ಟನ್ ಅವುಗಳ ನೆರವಿನಿಂದ ಒಳಬಾಗಿಲನ್ನು ಒಡೆಸಿದನು. ಸವಾರರಿಗೆ ಒಳನುಗ್ಗಿ ಸಾಲುಗಟ್ಟಲು ಜಾಗ ಬೇಕಿತ್ತು; ಅದಕ್ಕಾಗಿ ಗಿಲೆಸ್ಪಿ 69ನೆಯ ದಳದ ಅಳಿದುಳಿದವರೊಂದಿಗೆ ಮತ್ತೊಮ್ಮೆ ಮುನ್ನುಗ್ಗಿ ಬಾಗಿಲ ಬಳಿಯಿದ್ದವರನ್ನು ಹಿಮ್ಮೆಟ್ಟಿಸಿದನು. ಅಶ್ವದಳ ಒಳಗೆ ಬಂದ ಮೇಲೆ ಉಳಿದದ್ದು ಕಗ್ಗೊಲೆ. ಮಧ್ಯಾಹ್ನದೊಳಗೆ ದಂಗೆ ಮುಗಿದಿತ್ತು. ಅಡಗಿಸಿದವರಲ್ಲಿ ಮದ್ರಾಸ್ ಅಶ್ವದಳದ ಭಾರತೀಯ ಸವಾರರೂ ಇದ್ದರೆಂಬುದನ್ನು ಈ ದಂಗೆಯ ಕಥನಗಳು ಹಲವೊಮ್ಮೆ ಬಿಟ್ಟುಬಿಡುತ್ತವೆ.

ಅರಮನೆಯ ಆವರಣದಲ್ಲಿ ಆಶ್ರಯ ಪಡೆದಿದ್ದ ಸುಮಾರು ನೂರು ಸಿಪಾಯಿಗಳನ್ನು ಹೊರಗೆ ತಂದು, ಗೋಡೆಗೆ ಎದುರಾಗಿ ನಿಲ್ಲಿಸಿ ಗುಂಡಿಟ್ಟು ಕೊಲ್ಲಲಾಯಿತು. ಆಜ್ಞೆ ಗಿಲೆಸ್ಪಿಯದು. ವಿಚಾರಣೆಯ ಮಾತೇ ಬರಲಿಲ್ಲ. ಪ್ರತ್ಯಕ್ಷದರ್ಶಿಯಾಗಿದ್ದ ಬ್ಲೇಕಿಸ್ಟನ್ ತನ್ನ ನೆನಪುಗಳಲ್ಲಿ ಇದನ್ನು ಮರೆಮಾಚದೆ ದಾಖಲಿಸಿದ್ದಾನೆ, ಜೊತೆಗೆ ಸಮರ್ಥಿಸಿಯೂ ಇದ್ದಾನೆ. ಆ ದಿನ ಸತ್ತ ಸಿಪಾಯಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ 350 ಎನ್ನಲಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚೆಂದು ಹೇಳುವವರೂ ಇದ್ದಾರೆ. ಟಿಪ್ಪುವಿನ ಮಕ್ಕಳಿಗೆ ಜೀವಹಾನಿಯಾಗಲಿಲ್ಲ. ಬಳಿಕ ಅವರನ್ನು ಮೈಸೂರಿಗೆ ಮತ್ತಷ್ಟು ದೂರವಾದ ಕಲ್ಕತ್ತಕ್ಕೆ ಸಾಗಿಸಲಾಯಿತು. ಉಡುಪಿನ ಆಜ್ಞೆಗಳು ರದ್ದಾದವು. ಕ್ರಾಡಕ್ ಮತ್ತು ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಇಬ್ಬರನ್ನೂ ಇಂಗ್ಲೆಂಡಿಗೆ ವಾಪಸು ಕರೆಸಿಕೊಳ್ಳಲಾಯಿತು. ಗಿಲೆಸ್ಪಿಯ ಕೀರ್ತಿ ಮಾತ್ರ ಬೆಳೆಯಿತು.

ವೆಲ್ಲೂರಿನ ನಂತರ

ಮುಂದಿನ ವರ್ಷಗಳಲ್ಲಿ ಗಿಲೆಸ್ಪಿ 8ನೆಯ (ರಾಯಲ್ ಐರಿಷ್) ಮತ್ತು 25ನೆಯ ಲೈಟ್ ಡ್ರಗೂನ್ಸ್ ದಳಗಳಲ್ಲಿ ಸೇವೆ ಸಲ್ಲಿಸಿದನು. 1809ರಲ್ಲಿ ರಣಜಿತ್ ಸಿಂಗನೊಂದಿಗೆ ಅಮೃತಸರದ ಒಪ್ಪಂದವಾದ ಸಂದರ್ಭದಲ್ಲಿ ಉತ್ತರದ ಗಡಿಯಲ್ಲಿದ್ದನು. ಅನಂತರ ದಕ್ಷಿಣಕ್ಕೆ ಮರಳಿ ಬೆಂಗಳೂರಿನಲ್ಲಿ ಅಧಿಪತಿಯಾಗಿದ್ದು, 1811ರಲ್ಲಿ ಮದ್ರಾಸ್ ಸೇನೆಯ ಮೈಸೂರು ವಿಭಾಗದ ದಂಡನಾಯಕತ್ವ ಪಡೆದನು. ಬೆಂಗಳೂರಿನ ಕುದುರೆ ಪಂದ್ಯದ ಮೈದಾನದ ಬಯಲಿನಲ್ಲಿ ಈತನು ಹುಲಿಯೊಂದನ್ನು ಎದುರಿಸಿ ಕೊಂದನೆಂಬುದು ಬ್ರಿಟಿಷ್ ಸೇನಾ ಇತಿಹಾಸಕಾರರು ಮತ್ತೆ ಮತ್ತೆ ಹೇಳುವ ಕಥೆ. ಕನ್ನಡ ನಾಡಿನಲ್ಲಿ ಈತನ ವಾಸ ದೀರ್ಘವಾಗಿರಲಿಲ್ಲ. ಅದೇ ವರ್ಷ ಜಾವಾ ದಂಡಯಾತ್ರೆಗೆ ಕರೆ ಬಂದಿತು.

ಜಾವಾ ಮತ್ತು ಸುಮಾತ್ರಾ

ನೆಪೋಲಿಯನ್ 1810ರಲ್ಲಿ ಹಾಲೆಂಡನ್ನು ಫ್ರಾನ್ಸಿಗೆ ಸೇರಿಸಿಕೊಂಡಿದ್ದರಿಂದ ಡಚ್ಚರ ಜಾವಾ ಫ್ರೆಂಚರ ಕೈಗೆ ಬಂದಂತಾಗಿತ್ತು. ಭಾರತದ ಗವರ್ನರ್ ಜನರಲ್ ಮಿಂಟೊ ಪ್ರಭುವೇ ಜೊತೆಗೂಡಿ ಹೊರಟ ದಂಡಯಾತ್ರೆಯ ನಾಯಕ ಸರ್ ಸ್ಯಾಮ್ಯುಯೆಲ್ ಆಕ್‌ಮುಟಿ. ಸುಮಾರು 12,000 ಮಂದಿಯ ಈ ಸೇನೆಯಲ್ಲಿ ಭಾರತೀಯ ಸಿಪಾಯಿಗಳ ಪಾಲು ದೊಡ್ಡದು. ಗಿಲೆಸ್ಪಿ ಮುಂಪಡೆಯ ನಾಯಕನಾದನು.

1811ರ ಆಗಸ್ಟ್ ಮೊದಲ ವಾರದಲ್ಲಿ ಸೈನ್ಯ ಬಟಾವಿಯಾ (ಇಂದಿನ ಜಕಾರ್ತಾ) ಬಳಿ ಇಳಿಯಿತು. ನಗರ ಸುಲಭವಾಗಿ ವಶವಾಯಿತು. ನಿಜವಾದ ಹೋರಾಟ ನಡೆದದ್ದು ಅದರ ದಕ್ಷಿಣಕ್ಕಿದ್ದ ಮೀಸ್ಟರ್ ಕಾರ್ನೆಲಿಸ್ ಎಂಬ ಭದ್ರ ಪಾಳಯದಲ್ಲಿ. ಆಗಸ್ಟ್ 26ರ ನಸುಕಿನಲ್ಲಿ ಲಗ್ಗೆಯ ಮುಖ್ಯ ದಂಡನ್ನು ಗಿಲೆಸ್ಪಿ ನಡೆಸಿದನು. ಕತ್ತಲಲ್ಲಿ ಸುತ್ತುಬಳಸಿನ ಹಾದಿಯಲ್ಲಿ ಸಾಗುವಾಗ ದಂಡಿನ ಹಿಂಭಾಗ ದಾರಿ ತಪ್ಪಿತು. ಬೆಳಕು ಹರಿಯುವ ಮುನ್ನ ಶತ್ರುವಿನ ಕಾವಲಿಗೆ ಸಮೀಪವಾಗಿಬಿಟ್ಟಿದ್ದ ಗಿಲೆಸ್ಪಿ ಹಿಂದಿನವರಿಗಾಗಿ ಕಾಯದೆ, ಇದ್ದವರೊಂದಿಗೇ ಮೇಲೆ ಬಿದ್ದನು. ಹಿಂದುಳಿದ ತುಕಡಿಗಳು ಗುಂಡಿನ ಸದ್ದನ್ನು ಅನುಸರಿಸಿ ಬಂದು ಸೇರಿಕೊಂಡವು. ಪಾಳಯ ಬಿದ್ದಿತು. ಜ್ವರದಿಂದ ಬಳಲುತ್ತಿದ್ದರೂ ಗಿಲೆಸ್ಪಿ ಓಡುತ್ತಿದ್ದ ಶತ್ರುಸೈನ್ಯವನ್ನು ಅಶ್ವದಳದೊಂದಿಗೆ ಬಹುದೂರ ಬೆನ್ನಟ್ಟಿದನು. ಸಾವಿರಾರು ಮಂದಿ ಸೆರೆಸಿಕ್ಕರು. ಸೆಪ್ಟೆಂಬರ್ 18ರಂದು ಡಚ್ ಗವರ್ನರ್ ಯಾನ್ಸೆನ್ಸ್ ಶರಣಾದನು. ಸ್ಟ್ಯಾಂಫರ್ಡ್ ರಾಫೆಲ್ಸ್ ಜಾವಾದ ಲೆಫ್ಟಿನೆಂಟ್ ಗವರ್ನರ್ ಆಗಿಯೂ ಗಿಲೆಸ್ಪಿ ಅಲ್ಲಿನ ಸೇನೆಯ ಮುಖ್ಯಸ್ಥನಾಗಿಯೂ ನೇಮಕಗೊಂಡರು. ರಾಫೆಲ್ಸನಿಗೆ ಆಗ ಮೂವತ್ತು ವರ್ಷ; ಯುದ್ಧ ಕಂಡವನಲ್ಲ, ಕಂಪನಿಯ ಗುಮಾಸ್ತನಾಗಿ ಮೇಲೇರಿದವನು. ಇಬ್ಬರಿಗೂ ಮೊದಲಿನಿಂದಲೇ ಹೊಂದಿಕೆಯಾಗಲಿಲ್ಲ.

1812ರ ಏಪ್ರಿಲಿನಲ್ಲಿ ಗಿಲೆಸ್ಪಿ ಸುಮಾತ್ರಾದ ಪಾಲೆಂಬಾಂಗ್ ಮೇಲೆ ದಂಡೆತ್ತಿ ಹೋದನು. ಅಲ್ಲಿದ್ದ ಡಚ್ ಠಾಣ್ಯದ ಜನರನ್ನು ಹಿಂದಿನ ವರ್ಷ ಕೊಲ್ಲಲಾಗಿತ್ತು. ಬ್ರಿಟಿಷರು ಬರುವರೆಂದು ತಿಳಿದು ಸುಲ್ತಾನ ಮಹಮೂದ್ ಬದ್ರುದ್ದೀನ್ ಓಡಿಹೋಗಿದ್ದನು, ನಗರದಲ್ಲಿ ಅರಾಜಕತೆ ಹಬ್ಬಿತ್ತು. ಗಿಲೆಸ್ಪಿ ಬೆರಳೆಣಿಕೆಯ ಅಧಿಕಾರಿಗಳು ಮತ್ತು ಸೈನಿಕರೊಂದಿಗೆ ರಾತ್ರಿಯೇ ಅರಮನೆ ಹೊಕ್ಕು, ಉಳಿದ ಸೈನ್ಯ ಬರುವವರೆಗೆ ಅದನ್ನು ಹಿಡಿದುಕೊಂಡನು. ಸುಲ್ತಾನನ ತಮ್ಮ ನಜಮುದ್ದೀನ್ ಪಟ್ಟಕ್ಕೆ ಬಂದನು. ಅದಕ್ಕೆ ಪ್ರತಿಯಾಗಿ ತವರದ ಗಣಿಗಳಿದ್ದ ಬಂಗ್ಕಾ ದ್ವೀಪ ಬ್ರಿಟಿಷರಿಗೆ ದಕ್ಕಿತು.

ಅಲ್ಲಿಂದ ಮರಳಿದ ಕೂಡಲೇ ಯೋಗ್ಯಕರ್ತಾ. ಮಧ್ಯ ಜಾವಾದ ಈ ರಾಜ್ಯದ ಸುಲ್ತಾನ ಎರಡನೆಯ ಹಮೆಂಗ್ಕುಬುವೊನೊ ಬ್ರಿಟಿಷರ ಆಧಿಪತ್ಯವನ್ನು ಒಪ್ಪಲು ಸಿದ್ಧನಿರಲಿಲ್ಲ. ಕ್ರಟನ್ ಎಂದು ಕರೆಯಲಾಗುವ ಅವನ ಅರಮನೆ ಎತ್ತರದ ಗೋಡೆ, ಕಂದಕ, ಬುರುಜುಗಳಿಂದ ಕೂಡಿದ್ದು, ರಕ್ಷಕರ ಸಂಖ್ಯೆ ದಾಳಿಕಾರರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಫಿರಂಗಿ ದಾಳಿಯ ನಂತರ ಜೂನ್ 20ರ ಬೆಳಗಿನ ಜಾವ ಏಣಿಗಳನ್ನು ಹಾಕಿ ಲಗ್ಗೆಯೇರಿದ ಸೈನ್ಯ ಕೆಲವೇ ಗಂಟೆಗಳಲ್ಲಿ ಕ್ರಟನ್ನನ್ನು ಹಿಡಿಯಿತು. ಗಿಲೆಸ್ಪಿಯ ತೋಳಿಗೆ ತೀವ್ರ ಗಾಯವಾಯಿತು. ಸುಲ್ತಾನನನ್ನು ಪದಚ್ಯುತಗೊಳಿಸಿ ಪಿನಾಂಗ್‌ಗೆ ಗಡೀಪಾರು ಮಾಡಲಾಯಿತು. ಆತನ ಮಗ ಮೂರನೆಯ ಹಮೆಂಗ್ಕುಬುವೊನೊ ಸಿಂಹಾಸನವೇರಿದನು. ಮುಂದೆ 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಜಾವಾ ಯುದ್ಧ ನಡೆಸಿದ ರಾಜಕುಮಾರ ದಿಪೊನೆಗೊರೊ ಈ ಹೊಸ ಸುಲ್ತಾನನ ಮಗ.

ಅರಮನೆಯ ಲೂಟಿ ಹಲವು ದಿನ ನಡೆಯಿತು. ಖಜಾನೆಯ ಹಣವನ್ನು ಮೇಲಿನವರ ಅನುಮತಿಗೆ ಕಾಯದೆ ಅಲ್ಲೇ ಹಂಚಿಕೊಳ್ಳಲಾಯಿತು. ಹಿರಿಯ ಅಧಿಕಾರಿಯಾಗಿ ಗಿಲೆಸ್ಪಿಗೆ ದೊಡ್ಡ ಪಾಲು ದೊರೆಯಿತು. ಅರಮನೆಯ ಗ್ರಂಥಭಂಡಾರದ ಹಸ್ತಪ್ರತಿಗಳು ರಾಫೆಲ್ಸ್, ಜಾನ್ ಕ್ರಾಫರ್ಡ್ ಮತ್ತು ಕಾಲಿನ್ ಮೆಕೆಂಜಿಯವರ ಪಾಲಾದವು. ಈ ಮೆಕೆಂಜಿ ಕನ್ನಡಿಗರಿಗೆ ಪರಿಚಿತನೇ: ಟಿಪ್ಪುವಿನ ಪತನದ ನಂತರ ಮೈಸೂರು ರಾಜ್ಯದ ಭೂಮಾಪನ ನಡೆಸಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದವನು. ಯೋಗ್ಯಕರ್ತಾದ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳನ್ನು ಬ್ರಿಟಿಷ್ ಲೈಬ್ರರಿ 2019ರಲ್ಲಿ ಅಲ್ಲಿನ ಈಗಿನ ಸುಲ್ತಾನರಿಗೆ ಹಸ್ತಾಂತರಿಸಿತು. ಮೂಲ ಪ್ರತಿಗಳು ಲಂಡನ್ನಿನಲ್ಲೇ ಇವೆ.

ರಾಫೆಲ್ಸನೊಂದಿಗೆ ವಿವಾದ

ಗಿಲೆಸ್ಪಿ ಮೇಜರ್ ಜನರಲ್ ಹುದ್ದೆಗೇರಿದನು. ಆದರೆ ಜಾವಾದಲ್ಲಿ ಎಷ್ಟು ಸೈನ್ಯ ಇರಬೇಕು, ಅದರ ಖರ್ಚೆಷ್ಟು ಎಂಬುದರ ಬಗ್ಗೆ ರಾಫೆಲ್ಸನೊಂದಿಗೆ ಮನಸ್ತಾಪ ಹೆಚ್ಚುತ್ತ ಹೋಯಿತು. 1813ರಲ್ಲಿ ಜಾವಾ ತೊರೆದು ಕಲ್ಕತ್ತ ತಲುಪಿದ ಗಿಲೆಸ್ಪಿ, ರಾಫೆಲ್ಸ್ ಸರ್ಕಾರಿ ಜಮೀನುಗಳನ್ನು ಅಗ್ಗದ ಬೆಲೆಗೆ ಮಾರಿ ತಾನೂ ಅದರಲ್ಲಿ ಪಾಲು ಪಡೆದನೆಂಬುದೂ ಸೇರಿದಂತೆ ಗಂಭೀರ ಆರೋಪಗಳನ್ನು ಸಲ್ಲಿಸಿದನು. ರಾಫೆಲ್ಸ್ ಜಮೀನು ಕೊಂಡಿದ್ದು ನಿಜವೇ ಆಗಿತ್ತು. ಆರೋಪಗಳ ತೀರ್ಮಾನವಾಗುವ ಮೊದಲೇ ಗಿಲೆಸ್ಪಿ ಸತ್ತನು. ಕಂಪನಿಯ ನಿರ್ದೇಶಕರು ರಾಫೆಲ್ಸನನ್ನು ಜಾವಾದ ಅಧಿಕಾರದಿಂದ ತೆಗೆದರು. ಅವನ ನಡತೆಯಲ್ಲಿ ಅಪ್ರಾಮಾಣಿಕತೆಯಿರಲಿಲ್ಲವೆಂದು ಅನಂತರ ಒಪ್ಪಿಕೊಂಡರು. ಸಿಂಗಾಪುರದ ಸ್ಥಾಪಕನೆಂದು ರಾಫೆಲ್ಸ್ ಮುಂದೆ ಪ್ರಸಿದ್ಧನಾದದ್ದರಿಂದ ಅವನ ಜೀವನಚರಿತ್ರೆಕಾರರ ಕಣ್ಣಿಗೆ ಗಿಲೆಸ್ಪಿ ಖಳನಾಯಕನಾಗಿಯೇ ಕಂಡಿದ್ದಾನೆ.

ನಾಲಾಪಾನಿ ಮತ್ತು ಮರಣ

1814ರಲ್ಲಿ ಗಿಲೆಸ್ಪಿ ಮೀರತ್ ವಿಭಾಗದ ಅಧಿಪತಿಯಾಗಿದ್ದನು. ಗಡಿಯ ವಿಷಯದಲ್ಲಿ ಗೂರ್ಖಾ ರಾಜ್ಯದೊಂದಿಗೆ ಯುದ್ಧ ಅನಿವಾರ್ಯವಾದಾಗ ಗವರ್ನರ್ ಜನರಲ್ ಮೊಯ್ರಾ ಪ್ರಭು ನಾಲ್ಕು ದಂಡುಗಳನ್ನು ಸಜ್ಜುಗೊಳಿಸಿದನು. ಅವುಗಳಲ್ಲಿ ಸುಮಾರು 3,500 ಮಂದಿಯ ಒಂದು ದಂಡು ಗಿಲೆಸ್ಪಿಯದು. ಅಕ್ಟೋಬರಿನಲ್ಲಿ ಅದು ಸಹರಾನ್‌ಪುರದ ಕಡೆಯಿಂದ ಶಿವಾಲಿಕ ಬೆಟ್ಟಗಳನ್ನು ದಾಟಿ ಡೆಹ್ರಾಡೂನ್ ಕಣಿವೆಗೆ ಇಳಿಯಿತು.

ಊರಿನ ಸಮೀಪದ ಕಾಡುಬೆಟ್ಟದ ಮೇಲೆ ನಾಲಾಪಾನಿ ಅಥವಾ ಕಲಂಗಾ ಎಂಬ ಸಣ್ಣ ಕೋಟೆಯಿತ್ತು. ಕಟ್ಟಡ ಇನ್ನೂ ಪೂರ್ಣಗೊಂಡಿರಲಿಲ್ಲ. ಬಲಭದ್ರ ಕುಂವರನ ನಾಯಕತ್ವದಲ್ಲಿ ಹೆಂಗಸರು ಮಕ್ಕಳೂ ಸೇರಿ ಸುಮಾರು 600 ಜನ ಅದರೊಳಗಿದ್ದರು. ಮೊದಲು ತಲುಪಿದ ಕರ್ನಲ್ ಮಾಬಿ ಶರಣಾಗುವಂತೆ ರಾತ್ರಿ ಕಳುಹಿಸಿದ ಪತ್ರವನ್ನು ಬಲಭದ್ರ ಹರಿದುಹಾಕಿದನೆಂದು ಹೇಳಲಾಗುತ್ತದೆ. ಮಾಬಿಯ ಮೊದಲ ಪ್ರಯತ್ನ ಫಲಿಸಲಿಲ್ಲ. ಗಿಲೆಸ್ಪಿ ತಾನೇ ಬಂದು ದಂಡಿನ ನೇತೃತ್ವ ವಹಿಸಿದನು.

ಅಕ್ಟೋಬರ್ 31ರಂದು ನಾಲ್ಕು ದಿಕ್ಕುಗಳಿಂದ ಏಕಕಾಲಕ್ಕೆ ಲಗ್ಗೆಯಿಡುವುದು ಯೋಜನೆ. ಫಿರಂಗಿಗಳ ಸದ್ದೇ ಸಂಕೇತ. ಸಂಕೇತವನ್ನು ಗೊತ್ತುಮಾಡಿದ ಹೊತ್ತಿಗಿಂತ ಮುಂಚೆಯೇ ಕೊಡಲಾಯಿತು. ಬೆಟ್ಟ ಕಾಡುಗಳ ಆಚೆಗಿದ್ದ ತುಕಡಿಗಳಿಗೆ ಅದು ಕೇಳಿಸಲೇ ಇಲ್ಲ. ಹತ್ತಿರದ ತುಕಡಿಗಳು ಮಾತ್ರ ಮುಂದೆ ಹೋದವು. ಗಿಲೆಸ್ಪಿ ಹಿಂದೆ ಸೇವೆ ಸಲ್ಲಿಸಿದ್ದ 8ನೆಯ ಲೈಟ್ ಡ್ರಗೂನ್ಸ್ ದಳದ ನೂರು ಮಂದಿ ಕುದುರೆಯಿಂದ ಇಳಿದು ಕತ್ತಿ ಹಿಡಿದು ಗೋಡೆಯವರೆಗೆ ನುಗ್ಗಿದರು, ಏಣಿಗಳು ಬಂದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಸತ್ತು ಅಥವಾ ಗಾಯಗೊಂಡು ಬಿದ್ದರು. ಗೋಡೆಯ ಮೇಲಿಂದ ಗುಂಡು, ಬಾಣ, ಕಲ್ಲುಗಳು ಸುರಿದವು. ಹೆಂಗಸರೂ ಕಲ್ಲೆಸೆಯುತ್ತಿದ್ದುದನ್ನು ಬ್ರಿಟಿಷರು ಕಂಡರು.

ಹಿಮ್ಮೆಟ್ಟಿದ ದಳ ಎರಡನೆಯ ಬಾರಿಯೂ ಸೋತಿತು. ಉಳಿದ ತುಕಡಿಗಳು ಬಂದು ಸೇರುವವರೆಗೆ ತಡೆಯುವ ಅವಕಾಶ ಗಿಲೆಸ್ಪಿಗಿತ್ತು. ಗೋಡೆಯನ್ನು ಒಡೆಯಬಲ್ಲ ದೊಡ್ಡ ತೋಪುಗಳನ್ನೂ ತರಿಸಬಹುದಾಗಿತ್ತು. ಆತನು ಹೊಸದಾಗಿ ಬಂದ 53ನೆಯ ಪದಾತಿದಳದ ಸೈನಿಕರನ್ನೂ ಎರಡು ತೋಪುಗಳನ್ನೂ ತೆಗೆದುಕೊಂಡು ಮೂರನೆಯ ಬಾರಿ ತಾನೇ ಮುಂದೆ ನಡೆದನು. ಸೈನಿಕರು ಹಿಂಜರಿದರು. ಕತ್ತಿಯಿಂದ ಕೋಟೆಯ ಬಾಗಿಲನ್ನು ತೋರಿಸುತ್ತ, ಇನ್ನೊಂದು ಕೈಯಲ್ಲಿ ಟೋಪಿ ಬೀಸಿ ಅವರನ್ನು ಕರೆಯುತ್ತಿದ್ದಾಗ, ಬಾಗಿಲಿಗೆ ಸುಮಾರು 30 ಗಜ ದೂರದಲ್ಲಿ ಗುಂಡು ಎದೆಯನ್ನು ಹೊಕ್ಕು ತಕ್ಷಣ ಪ್ರಾಣ ಹೋಯಿತು. ಆಗ ಆತನಿಗೆ 48 ವರ್ಷ. ತನ್ನ ಹುಟ್ಟೂರಿನ ಡೌನ್ ಕೌಂಟಿಯ ಗೌರವಕ್ಕಾಗಿ ಮತ್ತೊಮ್ಮೆ ಪ್ರಯತ್ನಿಸುವಂತೆ ಕೂಗಿದ್ದೇ ಕಡೆಯ ಮಾತೆಂದು ಪ್ರತೀತಿ.

ಮಾಬಿ ಸೈನ್ಯವನ್ನು ಹಿಂದಕ್ಕೆ ಕರೆದು ದೆಹಲಿಯಿಂದ ಭಾರೀ ತೋಪುಗಳು ಬರುವವರೆಗೆ ಕಾದನು. ನವೆಂಬರ್ 27ರ ಲಗ್ಗೆಯೂ ವಿಫಲವಾಯಿತು. ಅನಂತರ ನಿರಂತರ ಫಿರಂಗಿ ದಾಳಿ ನಡೆಸಿ, ಕೋಟೆಗೆ ಹೊರಗಿನಿಂದ ಬರುತ್ತಿದ್ದ ನೀರನ್ನು ತಡೆಯಲಾಯಿತು. ಒಳಗಿನವರನ್ನು ಬಗ್ಗಿಸಿದ್ದು ಬಾಯಾರಿಕೆ. ನವೆಂಬರ್ 30ರಂದು ಬಲಭದ್ರನು ಬದುಕುಳಿದ ಸುಮಾರು 70 ಮಂದಿಯೊಂದಿಗೆ ಮುತ್ತಿಗೆಯನ್ನು ಭೇದಿಸಿ ಹೊರಟುಹೋದನು. ಬ್ರಿಟಿಷರು ಒಳಹೊಕ್ಕಾಗ ಕಂಡದ್ದು ಹೆಣಗಳ ರಾಶಿ ಮತ್ತು ನೀರಿಗಾಗಿ ಬೇಡುತ್ತಿದ್ದ ಗಾಯಾಳುಗಳು. ಈ ಪುಟ್ಟ ಕೋಟೆಗಾಗಿ ಸತ್ತ ಮತ್ತು ಗಾಯಗೊಂಡ ಬ್ರಿಟಿಷ್ ಪಕ್ಷದವರ ಸಂಖ್ಯೆ 700ನ್ನು ಮೀರಿತು. ಕೋಟೆಯೊಳಗಿದ್ದ ಒಟ್ಟು ಜನಕ್ಕಿಂತ ಇದು ಹೆಚ್ಚು. ಗೂರ್ಖಾಗಳ ಬಗ್ಗೆ ಬ್ರಿಟಿಷರಲ್ಲಿ ಹುಟ್ಟಿದ ಗೌರವಕ್ಕೆ ನಾಲಾಪಾನಿ ಒಂದು ಮುಖ್ಯ ಕಾರಣ. ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಗೂರ್ಖಾಗಳನ್ನು ಕಂಪನಿಯ ಸೇನೆಗೆ ಸೇರಿಸಿಕೊಳ್ಳುವ ಪದ್ಧತಿ ಆರಂಭವಾಯಿತು.

ಸ್ಮಾರಕಗಳು

ಗಿಲೆಸ್ಪಿಯ ದೇಹವನ್ನು ಮೀರತ್‌ಗೆ ಒಯ್ದು ಸಮಾಧಿ ಮಾಡಲಾಯಿತು. ಮರಣದ ಸುದ್ದಿ ಇಂಗ್ಲೆಂಡನ್ನು ಮುಟ್ಟುವ ಮುನ್ನ, 1815ರ ಜನವರಿಯಲ್ಲಿ, ಈತನಿಗೆ ಆರ್ಡರ್ ಆಫ್ ದ ಬಾತ್ ನೈಟ್ ಪದವಿ ಘೋಷಣೆಯಾಗಿತ್ತು. ಹೆಸರಿನ ಹಿಂದಿನ ಸರ್ ಎಂಬ ಬಿರುದನ್ನು ಬದುಕಿದ್ದಾಗ ಆತನು ಬಳಸಲೇ ಇಲ್ಲ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಫ್ರಾನ್ಸಿಸ್ ಚಾಂಟ್ರಿ ಕೆತ್ತಿದ ಪ್ರತಿಮೆಯಿದೆ. ಕಾಂಬರ್ ಊರಿನ ಚೌಕದಲ್ಲಿ 1845ರಲ್ಲಿ ಸ್ಥಾಪಿಸಿದ 55 ಅಡಿ ಎತ್ತರದ ಸ್ತಂಭದ ಮೇಲೆ ಈತನ ಮೂರ್ತಿ ನಿಂತಿದೆ. ಜಾವಾದಲ್ಲಿ ಜೊತೆಗಿದ್ದ ಅಧಿಕಾರಿ ವಿಲಿಯಂ ಥಾರ್ನ್ 1816ರಲ್ಲಿ ಈತನ ಮೊದಲ ಜೀವನಚರಿತ್ರೆಯನ್ನು ಹೆಸರು ಹಾಕದೆ ಪ್ರಕಟಿಸಿದನು. ಈತನ ಕುರಿತ ರೋಚಕ ಕಥೆಗಳಲ್ಲಿ ಹೆಚ್ಚಿನವಕ್ಕೆ ಈ ಅಭಿಮಾನದ ಪುಸ್ತಕವೇ ಆಕರವಾದ್ದರಿಂದ ಅವನ್ನು ಎಚ್ಚರದಿಂದ ಓದಬೇಕಾಗುತ್ತದೆ. ಕವಿ ಹೆನ್ರಿ ನ್ಯೂಬೋಲ್ಟ್ ವೆಲ್ಲೂರಿನ ಘಟನೆಯನ್ನು ಕುರಿತು ಗಿಲೆಸ್ಪಿ ಎಂಬ ಹೆಸರಿನಲ್ಲೇ ಒಂದು ಕಥನಕವನ ಬರೆದಿದ್ದಾನೆ.

ಡೆಹ್ರಾಡೂನಿನ ಸಹಸ್ರಧಾರಾ ರಸ್ತೆಯಲ್ಲಿ, ರಿಸ್ಪಾನಾ ನದಿಯ ಬಳಿ, ಬ್ರಿಟಿಷರು ಕಟ್ಟಿಸಿದ ಎರಡು ಬಿಳಿಯ ಸ್ತಂಭಗಳು ಅಕ್ಕಪಕ್ಕದಲ್ಲಿವೆ. ಒಂದು ಗಿಲೆಸ್ಪಿ ಹಾಗೂ ಆತನೊಡನೆ ಸತ್ತವರದು. ಮತ್ತೊಂದು ಬಲಭದ್ರ ಮತ್ತು ಅವನ ಗೂರ್ಖಾ ಸೈನಿಕರದು. ಎರಡೂ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ.